ಕೆರೆಯೇರಿಯ ಗೆಳೆಯ

ಗಾಳ ಹಾಕುವವನ ವಿಷಯದಲ್ಲಿ ಲೋಕಕ್ಕೆ ಸದಭಿಪ್ರಾಯವಿಲ್ಲ. ‘ಅವನು ಯಾರಿಗೋ ಗಾಳ ಹಾಕುತ್ತಿದ್ದಾನೆ’ ಎಂದರೆ ಕನ್ನಡದಲ್ಲಿ ಅದು ಹೊಗಳಿಕೆಯ ಮಾತಲ್ಲ. ಬಕನ ವಿಷಯದಲ್ಲಂತೂ ಕೇಳುವುದೇ ಬೇಡ. ಪಂಚತಂತ್ರದ ಕಾಲದಿಂದ ಅದು ಕಪಟ ಸಂನ್ಯಾಸಿಯೆಂದೇ ಹೆಸರಾಗಿದೆ. ಕಣ್ಣು ಮುಚ್ಚಿ ಕುಳಿತವನ ಮೇಲೆ ಅನುಮಾನ ಬಂದರೆ ನಾವು ‘ಬಕಧ್ಯಾನ’ ಎನ್ನುತ್ತೇವೆ. ಹೀಗೆ ಲೋಕದ ಕಣ್ಣಿನಲ್ಲಿ ಸರಿಸಮನಾಗಿ ಕೆಟ್ಟ ಹೆಸರು ಹೊತ್ತ ಎರಡು ಜೀವಗಳು ಒಂದೇ ಕೆರೆಯ ಒಂದೇ ಕಲ್ಲಿನ ಬಳಿ ಕಲೆತುದು ಹೇಗೆಂಬುದನ್ನು ವಾಚಕರಿಗೆ ಹೇಳಬೇಕೆಂದಿದ್ದೇನೆ. ಅವರಲ್ಲೊಬ್ಬನು ನಾನು. ವೃತ್ತಿಯಿಂದ ಕನ್ನಡದ ಅಧ್ಯಾಪಕ. ಮತ್ತೊಂದು, ಕೊಳದ ಬಕ.

ನಮ್ಮದು ಮಂಡ್ಯದ ಸೀಮೆಯ ಒಂದು ಸಣ್ಣ ಊರು. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಸುತ್ತಿ ಬಳಸಿ ಬಂದು ನಮ್ಮ ಕೆರೆಯನ್ನು ತುಂಬುತ್ತದೆ. ಕೆರೆ ನಮ್ಮ ಮನೆಯ ಹಿತ್ತಿಲಿನಿಂದ ಎರಡು ಗದ್ದೆಗಳಾಚೆ. ಏರಿಯ ನಡುವೆ ತೂಬು. ತೂಬಿನಿಂದ ಹತ್ತು ಮಾರು ದೂರದಲ್ಲಿ ನೀರಿಗೆ ಇಳಿಬಿದ್ದಂತಿರುವ ಒಂದು ಚಪ್ಪಟೆಯ ಕಲ್ಲು. ಅದು ನನ್ನ ತಂದೆಯವರ ಕಲ್ಲು. ನಿವೃತ್ತರಾದ ಮೇಲೆ ಅವರು ಹದಿನಾಲ್ಕು ವರ್ಷ ಆ ಕಲ್ಲಿನ ಮೇಲೆ ಬಿದಿರಿನ ಗಳುವನ್ನು ಹಿಡಿದು ಕುಳಿತಿದ್ದರು. ಕೆರೆಯ ಮೀನನ್ನು ಹರಾಜಿನಲ್ಲಿ ಹಿಡಿದವರು ಬಲೆ ಬೀಸುವವರನ್ನು ಮಾತ್ರ ಗದರಿಸುತ್ತಿದ್ದರು; ಗಾಳದವರನ್ನು ಕಂಡೂ ಕಾಣದಂತಿದ್ದರು. ತಂದೆಯವರು ದಿನವೆಲ್ಲ ಕುಳಿತು ತರುತ್ತಿದ್ದ ಮೀನನ್ನು ನೋಡಿದರೆ ಅದರಿಂದ ಯಾರ ಹರಾಜಿಗೂ ನಷ್ಟವಾಗುವಂತಿರಲಿಲ್ಲವೆಂಬುದು ಸ್ಪಷ್ಟ.

2019ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಗಳು ಅಟ್ಟದ ಮೇಲೆ ಸೇರಿತು. ಅದರೊಡನೆ ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯೂ ಸೇರಿತು. ಅದರೊಳಗೆ ಗಾಳದ ಕೊಕ್ಕೆಗಳು, ಸೀಸದ ಗುಂಡುಗಳು, ನವಿಲುಗರಿಯ ತೇಲುಬೆಂಡುಗಳು. ಮತ್ತು ಬೆಂಕಿಪೊಟ್ಟಣಗಳಿಗೆ ಒತ್ತಾಗಿ ಸುತ್ತಿಟ್ಟ, ಯಾವುದಕ್ಕೂ ಬಾರದ ಹರಕು ನೈಲಾನ್ ಎಳೆಗಳು. ಒಂದಲ್ಲ, ಎರಡಲ್ಲ, ಮೂವತ್ತಕ್ಕೂ ಮೇಲ್ಪಟ್ಟ ಪೊಟ್ಟಣಗಳು. ಹಿಂದಿನ ಕಾಲದವರ ಜಿಪುಣತನವೆಂದು ನಾನು ನಕ್ಕುಬಿಟ್ಟೆ. ಈ ಡಬ್ಬಿಯ ಮಾತನ್ನು ವಾಚಕರು ಸ್ವಲ್ಪ ನೆನಪಿನಲ್ಲಿಡಬೇಕು.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತಷ್ಟೆ. ಕಾಲೇಜು ಮುಚ್ಚಿತು. ಪಂಪನನ್ನೂ ರನ್ನನನ್ನೂ ಕೈಯಲ್ಲಿ ಹಿಡಿದ ಫೋನಿನ ಮುಖಾಂತರ ಬೋಧಿಸುವ ಕಾಲ ಬಂದಿತು. ಎದುರಿಗೆ ಮುಖಗಳಿಲ್ಲ, ಹೆಸರುಗಳು ಮಾತ್ರ. ‘ಅರ್ಥವಾಯಿತೇ?’ ಎಂದು ಕೇಳಿದರೆ ನಿಶ್ಶಬ್ದ. ಬೆಳಗಿನ ಆ ಎರಡು ಗಂಟೆಗಳನ್ನು ಮುಗಿಸಿದ ಮೇಲೆ ಉಳಿದ ದಿನವನ್ನು ಏನು ಮಾಡುವುದೆಂದು ತಿಳಿಯದೆ, ಏಪ್ರಿಲಿನ ಒಂದು ಸಂಜೆ ನಾನು ಅಟ್ಟ ಹತ್ತಿ ಗಳುವನ್ನು ಇಳಿಸಿದೆ. ಹೆಂಡತಿ ಏನೂ ಹೇಳಲಿಲ್ಲ. ಎಂಟು ವರ್ಷದ ಮಗಳು ಮಾತ್ರ, ‘ತಾತನ ಕೋಲು!’ ಎಂದಳು.

ಗಾಳ ಹಿಡಿದು ಕುಳಿತ ಮೇಷ್ಟರನ್ನು ಊರು ನೋಡಿ ನಕ್ಕಿತು. ಅದಕ್ಕೆ ನಾನು ನನ್ನ ವಿದ್ಯೆಯಿಂದಲೇ ಒಂದು ಸಮಾಧಾನವನ್ನು ಹುಡುಕಿಕೊಂಡಿದ್ದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ಬರೆದಿದ್ದಾನಲ್ಲವೇ? ಅರಸನಿಗೆ ತಕ್ಕ ವಿನೋದಗಳನ್ನು ಎಣಿಸುವಾಗ ಅವನು ಮತ್ಸ್ಯವಿನೋದಕ್ಕೂ ಒಂದು ಭಾಗವನ್ನು ಕೊಟ್ಟಿದ್ದಾನೆ. ಗಳು ಎಂಥದಿರಬೇಕು, ನೂಲು ಎಂಥದಿರಬೇಕು, ಯಾವ ಮೀನಿಗೆ ಯಾವ ಎರೆ, ಗಾಳ ಹಾಕುವ ಮೊದಲು ಆ ಜಾಗದಲ್ಲಿ ಮೀನುಗಳಿಗೆ ಉಣಿಸಿ ಅವನ್ನು ಪಳಗಿಸುವುದು ಹೇಗೆ, ಎಲ್ಲವೂ ಅಲ್ಲಿದೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನೇ ಕುರಿತು ಲೇಖನ ಬರೆದರು. ಚಕ್ರವರ್ತಿಗಳು ಮಾಡಿದ ಕೆಲಸವನ್ನು ಅಧ್ಯಾಪಕನು ಮಾಡಿದರೆ ತಪ್ಪೇನು? ಆದರೆ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಮಾನಸೋಲ್ಲಾಸವನ್ನು ವಿವರಿಸುವುದು ಸಾಧ್ಯವಿರಲಿಲ್ಲವಾಗಿ, ನಗುವುದನ್ನು ನಗಲೆಂದು ಬಿಟ್ಟೆ.

ಮೊದಲ ವಾರ ಏನೂ ಸಿಕ್ಕಲಿಲ್ಲ. ಎರಡನೆಯ ವಾರ ಬೆರಳುದ್ದದ ಜಿಲೇಬಿ ಮೀನುಗಳು ಸಿಕ್ಕತೊಡಗಿದವು. ಹೆಸರು ನಮ್ಮದಾದರೂ ಮೀನು ನಮ್ಮದಲ್ಲ. ಆಫ್ರಿಕದ ತಿಲಾಪಿಯ ಅದು. 1952ರಲ್ಲಿ ಭಾರತಕ್ಕೆ ತಂದುಬಿಟ್ಟರು. ಇಂದು ನಮ್ಮ ಕೆರೆಗಳಲ್ಲಿ ಹಳೆಯ ಗೆಂಡೆ ಮೀನಿಗೆ ಜಾಗವಿಲ್ಲದಂತೆ ತುಂಬಿಕೊಂಡಿದೆ. ತೀರ ಚಿಕ್ಕದು ಬಿದ್ದರೆ ಕೊಕ್ಕೆ ಬಿಡಿಸಿ ಹಿಂದಕ್ಕೆ ಎಸೆಯುತ್ತಿದ್ದೆ. ಹಾಗೆ ಎಸೆದ ಒಂದು ಮೀನು ನೀರಿಗೆ ತಲುಪಲಿಲ್ಲ, ಕೆಸರಿನ ಮೇಲೆ ಬಿದ್ದು ಮಿಡುಕಿತು. ಅದನ್ನು ಎತ್ತಿಹಾಕೋಣವೆಂದು ನಾನು ಏಳುವಷ್ಟರಲ್ಲಿ, ಅದುವರೆಗೂ ನಾನು ಕೆಸರಿನ ಹೆಂಟೆಯೆಂದು ಎಣಿಸಿಕೊಂಡಿದ್ದ ಒಂದು ವಸ್ತುವಿಗೆ ಕತ್ತು ಬಂದಿತು! ಬಾಣದಂತೆ ಮುಂದೆ ಚಾಚಿದ ಆ ಕತ್ತು ಮೀನನ್ನು ಎತ್ತಿಕೊಂಡಿತು, ಗಾಳಿಯಲ್ಲಿ ಒಮ್ಮೆ ತೂರಿ ತಲೆ ಮುಂದಾಗುವಂತೆ ತಿರುಗಿಸಿ ಹಿಡಿಯಿತು, ನುಂಗಿತು. ಮತ್ತೆ ಹೆಂಟೆಯಾಯಿತು.

ಕೊಳದ ಬಕದ ವೇಷವೇ ಹಾಗೆ. ಸುಮಾರು ಒಂದೂವರೆ ಅಡಿಯ ಹಕ್ಕಿ. ಬೆನ್ನು ಮಣ್ಣಿನ ಬಣ್ಣ. ಕತ್ತಿನಲ್ಲಿಯೂ ಎದೆಯಲ್ಲಿಯೂ ಒಣಹುಲ್ಲಿನಂಥ ಗೀಟುಗಳು. ಕಾಲು ಹಸಿರು ಬೆರೆತ ಹಳದಿ. ಕೂತಿರುವಾಗ ಹತ್ತು ಹೆಜ್ಜೆಯಲ್ಲಿದ್ದರೂ ಕಾಣದು. ಹಾರಿತೆಂದರೆ ರೆಕ್ಕೆಯ ಒಳಗೆ ಅಡಗಿಸಿಟ್ಟಿದ್ದ ಬಿಳುಪೆಲ್ಲ ಒಮ್ಮೆಗೇ ಬಿಚ್ಚಿಕೊಂಡು, ಇದು ಬೆಳ್ಳಕ್ಕಿಯೇ ಇರಬೇಕೆಂದು ನೋಡುವವನು ಮೋಸಹೋಗುತ್ತಾನೆ. ನಮ್ಮ ಜನ ಇವುಗಳೆಲ್ಲವನ್ನೂ ಒಟ್ಟಾಗಿ ಕೊಕ್ಕರೆಯೆಂದು ಕರೆದುಬಿಡುತ್ತಾರೆ. ಆದರೆ ಹಾರುವಾಗ ನೋಡಿದರೆ ಭೇದ ತಿಳಿಯುತ್ತದೆ: ಕೊಕ್ಕರೆಯು ಕತ್ತನ್ನು ಮುಂದಕ್ಕೆ ನೀಡಿಕೊಂಡು ಹಾರುತ್ತದೆ, ಬಕವು ಮಡಿಸಿ ಹೆಗಲೊಳಗೆ ಇಟ್ಟುಕೊಂಡು ಹಾರುತ್ತದೆ. ದಖ್ಖನ್ನಿನ ಹಕ್ಕಿಗಳನ್ನು ಪಟ್ಟಿ ಮಾಡಿದ ಸೈಕ್ಸ್ ಎಂಬ ಆಂಗ್ಲ ಸೈನ್ಯಾಧಿಕಾರಿ 1832ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟನು. ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರೇ ಎಂಬ ವಿದ್ವಾಂಸನ ಹೆಸರು ಹೀಗೆ ನಮ್ಮ ಕೆರೆಯ ಕೆಸರಿನಲ್ಲಿ ನಿಂತಿದೆ. ಹಿಂದಿಯವರು ಇದನ್ನು ಕುರುಡು ಬಕವೆನ್ನುತ್ತಾರೆ. ತೀರ ಹತ್ತಿರ ಹೋಗುವವರೆಗೆ ಎದ್ದು ಹೋಗದೆ ಕೂತಿರುವುದರಿಂದ ಬಂದ ಹೆಸರಂತೆ.

ಕುರುಡು! ಆ ಕಣ್ಣಿನ ಕೆಲಸವನ್ನು ಕಂಡ ಮೇಲೆ ಆ ಹೆಸರನ್ನು ನನ್ನಿಂದ ಕ್ಷಮಿಸಲಾಗಲಿಲ್ಲ. ನೀರಿನೊಳಗಿನ ಮೀನು ಕಾಣುವ ಜಾಗದಲ್ಲಿ ಇರುವುದಿಲ್ಲವೆಂದು ನಾವು ಶಾಲೆಯಲ್ಲಿ ಓದಿದ್ದೇವೆ. ಬೆಳಕು ನೀರಿನಿಂದ ಹೊರಗೆ ಬರುವಾಗ ಬಾಗುತ್ತದೆ. ಮೇಲಿನಿಂದ ನೇರ ನೋಡಿದರೂ ನಾಲ್ಕು ಅಡಿಯ ಆಳ ಮೂರು ಅಡಿಯಂತೆ ತೋರುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಮೋಸ. ಈ ಲೆಕ್ಕವನ್ನು ಯಾವ ಪಾಠವೂ ಇಲ್ಲದೆ ಬಕವು ಮಾಡುತ್ತದೆ. ಕತ್ತನ್ನು ಒಂದು ಕೂದಲೆಳೆಯಷ್ಟು ಆಚೆಗೆ, ಒಂದಿಷ್ಟು ಈಚೆಗೆ ಸರಿಸಿ ಕೋನವನ್ನು ನೋಡಿಕೊಳ್ಳುತ್ತದೆ. ಆಮೇಲೆ ಕಾಯುತ್ತದೆ. ಒಂದು ಸಂಜೆ ಅದು ಇಪ್ಪತ್ತಾರು ನಿಮಿಷ ಕಾಲೆತ್ತದೆ ನಿಂತುದನ್ನು ನಾನು ಗಡಿಯಾರ ನೋಡಿ ಎಣಿಸಿದೆ. ನಾನಾದರೋ ಆ ವೇಳೆಗೆ ನಾಲ್ಕು ಸಲ ಗಳುವೆತ್ತಿ, ಎರಡು ಸಲ ಎರೆ ಬದಲಾಯಿಸಿ, ಒಂದು ಸಲ ಫೋನ್ ನೋಡಿದ್ದೆ. ಇಬ್ಬರಲ್ಲಿ ನಿಜವಾದ ಬೇಟೆಗಾರ ಯಾರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮಾರನೆಯ ದಿನದಿಂದ ಸಣ್ಣ ಮೀನು ಬಿದ್ದರೆ ಬೇಕೆಂದೇ ಕೆಸರಿನ ಮೇಲೆ ಎಸೆಯತೊಡಗಿದೆ. ಮೊದಲು ಹದಿನೈದು ಹೆಜ್ಜೆಯ ಅಂತರ. ಮೇ ತಿಂಗಳ ಮಧ್ಯಕ್ಕೆ ಎಂಟು. ಜೂನಿನ ಮೊದಲಲ್ಲಿ, ನಾನು ಏರಿ ಹತ್ತುವಾಗಲೇ ಎಲ್ಲಿಂದಲೋ ಒಡಕು ಗಂಟಲಿನ ಒಂದು ‘ಕ್ವಾಕ್’ ಕೇಳಿಸುತ್ತಿತ್ತು. ನಾನು ಕುಳಿತ ಮೇಲೆ ಅದು ಬಂದು ಕಲ್ಲಿನ ಇನ್ನೊಂದು ತುದಿಯಲ್ಲಿ ನಿಲ್ಲುತ್ತಿತ್ತು. ಮೂರು ಹೆಜ್ಜೆ. ತೇಲುಬೆಂಡು ಮುಳುಗಿದರೆ ನನಗಿಂತ ಮೊದಲು ಅದರ ಕತ್ತು ನಿಗುರುತ್ತಿತ್ತು. ದೊಡ್ಡ ಮೀನು ಬಿದ್ದು ನಾನದನ್ನು ಬುಟ್ಟಿಗೆ ಹಾಕಿಕೊಂಡರೆ ತಲೆ ಓರೆಮಾಡಿ ಒಂದು ಹಳದಿ ಕಣ್ಣಿನಿಂದ ನನ್ನನ್ನು ನೋಡುತ್ತಿತ್ತು. ಆ ನೋಟದಲ್ಲಿ ಸ್ನೇಹವಿತ್ತೆಂದು ಹೇಳಲಾರೆ. ಪರೀಕ್ಷೆಯ ಮೇಲ್ವಿಚಾರಕನ ನೋಟ ಅದು. ಮಗಳು ಇದಕ್ಕೆ ಹೆಸರಿಡಬೇಕೆಂದು ಹಟ ಹಿಡಿದಳು. ನಾನು ಒಪ್ಪಲಿಲ್ಲ. ಅವಳು ನನ್ನನ್ನು ಕೇಳದೆ ‘ತಾತ’ ಎಂದು ಕರೆಯತೊಡಗಿದಳು. ಮೊದಲ ದಿನ ಅದನ್ನು ಕೇಳಿ ನನ್ನ ತಾಯಿ ಒಳಗೆ ಎದ್ದುಹೋದರು. ಆಮೇಲೆ ಅವರೇ ಸಂಜೆ, ‘ಇವತ್ತು ಬಂದಿತ್ತೇ?’ ಎಂದು ಕೇಳುವ ರೂಢಿ ಮಾಡಿಕೊಂಡರು.

ಜುಲೈನಲ್ಲಿ ಅದು ಮಾಯವಾಯಿತು. ಅದರ ಬದಲು ಬೇರೊಂದು ಹಕ್ಕಿ ಕಲ್ಲಿನ ಬಳಿಗೆ ಎರಡು ಸಲ ಬಂದಿತು: ಬೆನ್ನೆಲ್ಲ ಕೂದಲಿನಂಥ ಗರಿಗಳ ಕಡುಗೆಂಪು ಶಾಲು, ತಲೆಯ ಹಿಂದೆ ಬಿಳಿಯ ಎಳೆಗಳ ಜುಟ್ಟು, ಕೊಕ್ಕಿನ ಬುಡದಲ್ಲಿ ನೀಲಿ. ಯಾವುದೋ ವಲಸೆಯ ಹಕ್ಕಿಯೆಂದೇ ನಾನು ತಿಳಿದೆ. ಪುಸ್ತಕ ತೆಗೆದು ನೋಡಿದಾಗ ನಾಚಿಕೆಯಾಯಿತು. ಅದು ಕೊಳದ ಬಕವೇ. ಮದುವೆಯ ಉಡುಪಿನಲ್ಲಿತ್ತು, ಅಷ್ಟೆ. ಮಳೆಗಾಲ ಅವುಗಳ ಗೂಡಿನ ಕಾಲ. ಊರ ನಡುವಿನ ಹಳೆಯ ಹುಣಿಸೆಯೋ ಆಲವೋ ಆದೀತು. ಬೆಳ್ಳಕ್ಕಿಗಳ ಜೊತೆಯಲ್ಲಿ ಗುಂಪುಗುಂಪಾಗಿ ಕಡ್ಡಿ ಸೇರಿಸಿ ಗೂಡು ಕಟ್ಟಿ, ಮೂರರಿಂದ ಐದು ನೀಲಿಹಸಿರು ಮೊಟ್ಟೆಗಳಿಟ್ಟು, ತಂದೆತಾಯಿಗಳೆರಡೂ ಸರದಿಯಿಂದ ಮರಿಗಳಿಗೆ ಉಣಿಸುತ್ತವೆ. ನಮ್ಮ ಜಿಲ್ಲೆಯವರಿಗೆ ಈ ಬಗೆಯ ನೆರೆಹೊರೆ ಹೊಸದಲ್ಲ. ಮದ್ದೂರು ಸೀಮೆಯ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಯಂಗಳದ ಮರಗಳಲ್ಲಿಯೇ ಗೂಡು ಕಟ್ಟುವುದನ್ನು ಎಲ್ಲರೂ ಬಲ್ಲರು. ಸಾಲಿಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು ಇರುವುದೂ ಈ ಜಿಲ್ಲೆಯಲ್ಲಿಯೇ.

ಅಕ್ಟೋಬರಿನಲ್ಲಿ ಮಣ್ಣುಬಣ್ಣದ ಹಕ್ಕಿಯೊಂದು ಮತ್ತೆ ಕಲ್ಲಿನ ತುದಿಯಲ್ಲಿ ನಿಂತಿತು. ಅದೇ ಹಕ್ಕಿಯೇ? ನನ್ನ ಮಗಳಿಗೆ ಸಂದೇಹವಿರಲಿಲ್ಲ. ನನಗಿತ್ತು. ಕೆರೆಯಲ್ಲಿ ಅಂಥವು ಇಪ್ಪತ್ತಾದರೂ ಇದ್ದವು, ಒಂದಕ್ಕೊಂದು ಭೇದವಿಲ್ಲ. ನಡವಳಿಕೆಯಿಂದ ಗುರುತು ಹಿಡಿಯುತ್ತೇನೆಂಬುದು ನನ್ನ ಜಂಭವಿದ್ದೀತು. ನಿಜವಾದ ಗುರುತು ನನಗೆ ಆಮೇಲೆ ಸಿಕ್ಕಿತು. ಅದು ಸಿಕ್ಕದೆ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

2021ರ ಫೆಬ್ರವರಿ ತಿಂಗಳು. ಕಾಲೇಜು ತೆರೆದಿತ್ತು, ಶನಿವಾರ ಭಾನುವಾರಗಳಲ್ಲಿ ಮಾತ್ರ ಕೆರೆ. ಎರಡು ವಾರಗಳ ಬಳಿಕ ಕಲ್ಲಿನ ಮೇಲೆ ಕುಳಿತಾಗ ಹಕ್ಕಿ ಬಂದಿತು. ಬಂದುದು ಎಂದಿನಂತಲ್ಲ, ಇಳಿದು ಒಂದು ಕಾಲಿನ ಮೇಲೆ ತೂಗಾಡಿತು. ಎಡಗಾಲನ್ನು ಊರಲಾರದು. ಬೆರಳುಗಳ ಸುತ್ತ ಏನೋ ಮಿನುಗುತ್ತಿತ್ತು. ಬಿಸಿಲು ಬಿದ್ದಾಗ ನೋಡಿದೆ: ತಿಳಿ ಹಸಿರು ಬಣ್ಣದ ನೈಲಾನ್ ಎಳೆ. ಹೊರಗಿನ ಬೆರಳಿಗೆ ಹತ್ತಾರು ಸುತ್ತು ಬಿಗಿದು, ಗಂಟಾಗಿ, ಅಲ್ಲಿಂದ ಮೇಲಕ್ಕೆ ಮೊಣಕಾಲಿನವರೆಗೆ ಸುತ್ತಿಕೊಂಡಿತ್ತು. ಬೆರಳು ಬಾತು ಕಪ್ಪಾಗಿತ್ತು.

ನಮ್ಮೂರಿನ ಅಂಗಡಿಯಲ್ಲಿ ಸಿಕ್ಕುವುದು ಬಿಳಿಯ ಎಳೆ. ಎಲ್ಲರ ಗಾಳದಲ್ಲಿಯೂ ಅದೇ. ಹಸಿರು ಎಳೆ ನನ್ನದು. ನಾನದನ್ನು ಮೈಸೂರಿನಿಂದ ತರಿಸಿಕೊಂಡಿದ್ದೆ. ಅದು ತೊಡಕುಬಿದ್ದಾಗ ಬಿಡಿಸುವ ವ್ಯವಧಾನ ನನಗಿರುತ್ತಿರಲಿಲ್ಲ. ಹಲ್ಲಿನಿಂದ ಕಡಿದು, ಮುದ್ದೆ ಮಾಡಿ, ಕಲ್ಲಿನ ಪಕ್ಕಕ್ಕೆ ಎಸೆಯುತ್ತಿದ್ದೆ. ಕಲ್ಲಿನ ಪಕ್ಕದಲ್ಲಿ ನಿಲ್ಲುವುದನ್ನು ಆ ಹಕ್ಕಿಗೆ ಕಲಿಸಿದವನೂ ನಾನೇ.

ಸೋಮೇಶ್ವರನ ಕಾಲದಲ್ಲಿ ಗಾಳದ ನೂಲನ್ನು ಗಿಡದ ನಾರಿನಿಂದ ಹೊಸೆಯುತ್ತಿದ್ದರು. ಎಸೆದರೆ ಒಂದು ಮಳೆಗಾಲಕ್ಕೆ ಕೊಳೆತು ಹೋಗುವ ವಸ್ತು ಅದು. ನೈಲಾನ್ ಹಾಗಲ್ಲ. 1938ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ಪ್ರಕಟವಾದ ಈ ಎಳೆಯ ಗುಣವೇ ಕೊಳೆಯದಿರುವುದು, ನೀರಿನಲ್ಲಿ ಕಾಣದಿರುವುದು, ಎಳೆದಷ್ಟೂ ಬಿಗಿಯುವುದು. ಮೀನಿಗೆ ಮೋಸವಾಗಲೆಂದು ನಾವು ಮೆಚ್ಚುವ ಗುಣಗಳೇ ಹಕ್ಕಿಯ ಕಾಲಿಗೆ ಉರುಲಾಗುತ್ತವೆ. ಅಂದು ರಾತ್ರಿ ನಾನು ಅಟ್ಟದ ಡಬ್ಬಿಯನ್ನು ತೆಗೆದು ಆ ಬೆಂಕಿಪೊಟ್ಟಣಗಳನ್ನು ಒಂದೊಂದಾಗಿ ನೋಡಿದೆ. ಹದಿನಾಲ್ಕು ವರ್ಷದ ಹರಕು ಎಳೆ! ಒಂದು ಗೇಣನ್ನೂ ಅವರು ಕೆರೆಯಲ್ಲಿ ಬಿಟ್ಟು ಬಂದಿರಲಿಲ್ಲ. ಏಕೆಂದು ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ನಮ್ಮ ತಂದೆಮಕ್ಕಳ ನಡುವೆ ಮಾತು ಕಡಿಮೆ.

ಹಿಡಿಯಬೇಕು, ಬಿಡಿಸಬೇಕು. ಹೇಳುವುದು ಸುಲಭ. ಭಾನುವಾರ ಬೆಳಿಗ್ಗೆ ಟವಲು ತೆಗೆದುಕೊಂಡು ಹೋದೆ. ಮೀನು ಹಾಕಿದೆ, ಅದು ಬಂದಿತು, ನಾನು ಟವಲನ್ನು ಬೀಸಿದೆ. ಕುಂಟುವ ಕಾಲಿಗೆ ರೆಕ್ಕೆಯ ತೊಂದರೆಯಿಲ್ಲವಷ್ಟೆ. ಹಕ್ಕಿ ಎದ್ದು ಕೆರೆಯ ಆ ದಡಕ್ಕೆ ಹೋಯಿತು. ಸಂಜೆ ಬಂದಾಗ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿತು. ಹತ್ತು ತಿಂಗಳಿನಲ್ಲಿ ಗಳಿಸಿದುದನ್ನು ಒಂದು ಬೀಸಿಗೆ ಕಳೆದಿದ್ದೆ. ಸೋಮವಾರ ಕಾಲೇಜಿಗೆ ರಜೆ ಹಾಕಿದೆ. ಅರ್ಜಿಯಲ್ಲಿ ‘ಮನೆಯಲ್ಲಿ ಅಸ್ವಸ್ಥತೆ’ ಎಂದು ಬರೆದೆ. ಅದು ತೀರ ಸುಳ್ಳೆಂದು ನನಗೆ ತೋರಲಿಲ್ಲ. ಅರಣ್ಯ ಇಲಾಖೆಗೆ ಫೋನ್ ಮಾಡಿದುದೂ ಆಯಿತು; ಕಾಡುಹಕ್ಕಿಯನ್ನು ಹಿಡಿದಿಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯಿದೆಗೆ ವಿರೋಧವೆಂಬುದು ನನಗೆ ತಿಳಿದಿತ್ತು. ಫೋನಿನಲ್ಲಿ ಮಾತನಾಡಿದವರು ಸಜ್ಜನರು. ಅವರು ಬರಲು ಮರುದಿನವಾಗುತ್ತದೆಂದೂ, ಹಕ್ಕಿ ತಾನಾಗಿ ಕೈಗೆ ಸಿಕ್ಕರೆ ಎಳೆಯನ್ನು ಕತ್ತರಿಸಿ ಅಲ್ಲಿಯೇ ಬಿಟ್ಟುಬಿಡಿರೆಂದೂ, ಕಣ್ಣು ಜೋಪಾನವೆಂದೂ ಹೇಳಿದರು.

ಕಣ್ಣು ಜೋಪಾನ! ಇದರ ಅರ್ಥವನ್ನು ವಿವರಿಸಿದವನು ನಮ್ಮ ಕೆರೆಯ ಹಳೆಯ ಬೆಸ್ತರ ಅಜ್ಜ. ಬಲೆ ಬೀಸುವ ವೃತ್ತಿಯಲ್ಲಿ ಎಪ್ಪತ್ತು ವರ್ಷ ದಾಟಿದವನು. ‘ಬಕ ಕೈ ಕಚ್ಚೋದಿಲ್ಲ ಸ್ವಾಮಿ, ಮಿಂಚೋದನ್ನ ನೋಡಿ ಕುಕ್ಕುತ್ತೆ. ನಿಮ್ಮ ಮುಖದಲ್ಲಿ ಮಿಂಚೋದು ಕಣ್ಣೇ ತಾನೆ?’ ಎಂದನು. ಅವನೇ ಉಪಾಯವನ್ನೂ ಹೇಳಿದನು. ಬೀಸಬಾರದು, ಎದ್ದು ನಿಲ್ಲಬಾರದು, ಒದ್ದೆ ಗೋಣಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿರಬೇಕು, ಮೀನನ್ನು ಎಸೆಯದೆ, ಕಾಲ ಬಳಿ ಇಟ್ಟುಕೊಳ್ಳಬೇಕು. ‘ಹಸಿವು ಅದನ್ನ ತರುತ್ತೆ. ನೀವು ಕಲ್ಲಾಗಿರಿ.’

ಕಲ್ಲಾಗುವ ವಿದ್ಯೆಯನ್ನು ನಾನು ಆ ದಿನ ಬಕದಿಂದಲೇ ಕಲಿಯಬೇಕಾಯಿತು. ಮಧ್ಯಾಹ್ನ ಮೂರು ಗಂಟೆಗೆ ಕುಳಿತೆ. ನಾಲ್ಕೂವರೆಯವರೆಗೆ ಅದು ಏರಿಯ ಹುಲ್ಲಿನಲ್ಲಿಯೇ ಇತ್ತು. ಕಾಲು ಜೋಮು ಹಿಡಿಯಿತು, ನೊಣ ಮೂಗಿನ ಮೇಲೆ ಕುಳಿತಿತು, ಅಲುಗಲಿಲ್ಲ. ಅಜ್ಜ ನನ್ನ ಹಿಂದೆ ಏರಿಯ ಮರೆಯಲ್ಲಿ ಬೀಡಿಯನ್ನು ಕೂಡ ಹಚ್ಚದೆ ಮಲಗಿದ್ದನು. ಐದಕ್ಕೆ ಸ್ವಲ್ಪ ಮುಂಚೆ ಕುಂಟಿಕೊಂಡು ಬಂದಿತು. ಒಂದು ಹೆಜ್ಜೆ, ನಿಲುಗಡೆ. ಇನ್ನೊಂದು ಹೆಜ್ಜೆ, ನಿಲುಗಡೆ. ನನ್ನ ಕಾಲ ಬೆರಳಿನಿಂದ ಒಂದು ಮೊಳ ದೂರದಲ್ಲಿ ನಿಂತು ಕತ್ತನ್ನು ಓರೆ ಮಾಡಿ ನನ್ನ ಮುಖವನ್ನು ನೋಡಿತು. ಪಂಚತಂತ್ರದ ಕಥೆ ನನಗೆ ನೆನಪಾದುದು ಆಗ. ಕೆರೆ ಬತ್ತುತ್ತದೆ, ನಿಮ್ಮನ್ನು ಬೇರೆ ಕೆರೆಗೆ ಒಯ್ಯುತ್ತೇನೆ ಎಂದು ನಂಬಿಸಿ ಬಕವು ಮೀನುಗಳನ್ನು ಒಂದೊಂದಾಗಿ ತಿಂದುಹಾಕಿತಂತೆ. ಇಲ್ಲಿ ನಂಬಿಸಿದವನು ಯಾರು? ಅದು ಮೀನಿಗಾಗಿ ಬಗ್ಗಿತು. ನಾನು ಗೋಣಿಯನ್ನು ಕೆಡವಿದೆ.

ಮುಂದಿನದೆಲ್ಲ ಗೊಂದಲ. ಗೋಣಿಯೊಳಗಿಂದ ಕತ್ತು ಹೊರಬಂದು ನನ್ನ ಕನ್ನಡಕದ ಬಲಗಾಜಿಗೆ ಟಣ್ಣನೆ ಹೊಡೆಯಿತು. ಗಾಜು ಒಡೆಯಲಿಲ್ಲ, ಗೀರಿತು. ಎರಡನೆಯ ಏಟು ಕೆನ್ನೆಗೆ; ರಕ್ತ ಬಂದಿತು. ಅಷ್ಟರಲ್ಲಿ ಅಜ್ಜ ಬಂದು ಎರಡು ಬೆರಳಿನಿಂದ ಕೊಕ್ಕನ್ನು ಹಿಡಿದು, ತಲೆಯ ವಸ್ತ್ರವನ್ನು ಅದರ ಕಣ್ಣಿನ ಮೇಲೆ ಮುಚ್ಚಿದನು. ಕತ್ತಲಾದೊಡನೆ ಹಕ್ಕಿ ಸುಮ್ಮನಾಯಿತು. ನನ್ನ ಅಂಗೈಗೆ ಅದರ ಎದೆ ಹೊಡೆದುಕೊಳ್ಳುವುದು ತಿಳಿಯುತ್ತಿತ್ತು. ಇಷ್ಟು ದೊಡ್ಡ ಹಕ್ಕಿಗೆ ತೂಕವೇ ಇರಲಿಲ್ಲ. ಕೈಗೆಲ್ಲ ಬಿಳಿಯ ಪುಡಿ ಹತ್ತಿತು. ಬಕಗಳ ಎದೆಯಲ್ಲಿ ಸದಾ ಪುಡಿಯಾಗುತ್ತಿರುವ ಒಂದು ಬಗೆಯ ಗರಿಗಳಿರುತ್ತವೆ. ಮೀನಿನ ಲೋಳೆ ಹತ್ತಿದ ಮೈಯನ್ನು ಆ ಪುಡಿ ಹಚ್ಚಿ, ನಡುಬೆರಳಿನ ಉಗುರಿಗಿರುವ ಬಾಚಣಿಗೆಯಂಥ ಹಲ್ಲಿನಿಂದ ಅವು ಬಾಚಿಕೊಳ್ಳುತ್ತವೆ. ಆ ಬಾಚಣಿಗೆಯೊಳಗೂ ನನ್ನ ಹಸಿರು ಎಳೆ ಸಿಕ್ಕಿಕೊಂಡಿತ್ತು.

ಮಗಳು ಬಣ್ಣದ ಕಾಗದ ಕತ್ತರಿಸುವ ತನ್ನ ಪುಟ್ಟ ಕತ್ತರಿಯನ್ನು ಕೊಟ್ಟಿದ್ದಳು. ಸುತ್ತು ಸುತ್ತಾಗಿ ಕತ್ತರಿಸಿದೆ. ಎಳೆ ಮಾಂಸದೊಳಗೆ ಇಳಿದಿತ್ತು. ಹೊರಗಿನ ಬೆರಳಿನ ತುದಿ ಸತ್ತುಹೋಗಿತ್ತು. ‘ಅದು ಉದುರುತ್ತೆ, ಬಿಡಿ. ಕಾಲು ಉಳೀತು,’ ಎಂದನು ಅಜ್ಜ. ಅರಿಸಿನ ಹಚ್ಚೋಣವೇ ಎಂದು ಕೇಳಿದೆ. ‘ನೀರಿಗಿಳಿಯೋ ಕಾಲಿಗೆ ಅರಿಸಿನವೇ?’ ಎಂದು ನಕ್ಕನು. ಬಿಡಿಸಿದ ಎಳೆಯನ್ನು ನೇರ ಮಾಡಿ ಅಳೆದೆ. ನಾಲ್ಕು ಅಡಿ ಏಳು ಅಂಗುಲ.

ವಸ್ತ್ರ ತೆಗೆದು ಗೋಣಿಯನ್ನು ಬಿಚ್ಚಿದೆವು. ಹಕ್ಕಿ ಒಂದು ಗಳಿಗೆ ಕಲ್ಲಿನ ಮೇಲೆಯೇ ನಿಂತಿತು, ಎರಡು ಕಾಲಿನ ಮೇಲೆ. ಆಮೇಲೆ ‘ಕ್ವಾಕ್’ ಎಂದು ಎದ್ದು, ಬಿಳುಪೆಲ್ಲ ಬಿಚ್ಚಿ, ತೋಪಿನ ಕಡೆ ಹೋಯಿತು. ನಾನಿಟ್ಟ ಮೀನು ಹಾಗೆಯೇ ಬಿದ್ದಿತ್ತು.

ಮರುದಿನ ಬರಲಿಲ್ಲ. ಆ ವಾರವೂ ಇಲ್ಲ, ಆ ತಿಂಗಳೂ ಇಲ್ಲ. ಏಪ್ರಿಲಿನ ಕೊನೆಗೆ ಮತ್ತೆ ಊರು ಬಾಗಿಲು ಹಾಕಿತು. ಆ ಸಲ ಮೊದಲಿನಂತಿರಲಿಲ್ಲ. ನಮ್ಮ ಬೀದಿಯಲ್ಲಿಯೇ ಎರಡು ಮನೆಗಳಲ್ಲಿ ಸಾವಾಯಿತು. ಮೇ ತಿಂಗಳಲ್ಲಿ ಬೆಸ್ತರ ಅಜ್ಜನೂ ಹೋದನು. ಆಸ್ಪತ್ರೆಗೆ ಒಯ್ಯುವಷ್ಟು ಸಮಯ ಕೊಡಲಿಲ್ಲ. ನಾನು ಮುಖವಸ್ತ್ರ ಕಟ್ಟಿಕೊಂಡು ದೂರದಿಂದ ನೋಡಿ ಬಂದೆ. ಗಾಳವನ್ನು ಮುಟ್ಟಲು ಮನಸ್ಸಾಗಲಿಲ್ಲ. ಆದರೂ ಸಂಜೆ ಕೆರೆಗೆ ಹೋಗುವುದನ್ನು ಬಿಡಲಿಲ್ಲ. ಕೈಯಲ್ಲಿ ಗಳುವಿನ ಬದಲು ಒಂದು ಚೀಲ. ಏರಿಯುದ್ದಕ್ಕೂ, ತೂಬಿನ ಸಂದಿಯಲ್ಲಿ, ಜಾಲಿಯ ಮುಳ್ಳಿನಲ್ಲಿ ಸಿಕ್ಕಿದ ಎಳೆಗಳನ್ನೆಲ್ಲ ಬಿಡಿಸಿ ತರುತ್ತಿದ್ದೆ. ಹಸಿರಿನದು ನಾನೆಣಿಸಿದುದಕ್ಕಿಂತ ಹೆಚ್ಚು ಸಿಕ್ಕಿತು.

ಆ ದಿನಗಳಲ್ಲಿ ನನ್ನನ್ನು ಕಾಡಿದ ಪ್ರಶ್ನೆಯನ್ನು ಇಲ್ಲಿ ಮುಚ್ಚಿಡುವುದಿಲ್ಲ. ನಾನು ಸ್ನೇಹವೆಂದುಕೊಂಡದ್ದು ಏನು? ಹಕ್ಕಿಗೆ ಬೇಕಾಗಿದ್ದುದು ಮೀನು. ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಇದರ ಬಳಗದ ಹಸಿರು ಬಕಗಳು ರೊಟ್ಟಿಯ ಚೂರನ್ನೋ ಹುಳುವನ್ನೋ ತಾವೇ ನೀರಿನ ಮೇಲಿಟ್ಟು, ಅದಕ್ಕೆ ಬಂದ ಮೀನನ್ನು ಹಿಡಿಯುವುದನ್ನು ಪಂಡಿತರು ಕಂಡು ಬರೆದಿದ್ದಾರೆ. ಗಾಳವಿಲ್ಲದೆ ಗಾಳ ಹಾಕುವ ಜಾತಿ! ಅಂಥ ಬುದ್ಧಿಯ ಬಳಗಕ್ಕೆ ಸೇರಿದ ಹಕ್ಕಿಯು ದಿನವೂ ಮೀನೆಸೆಯುವ ಮೇಷ್ಟರನ್ನು ಒಂದು ಬಗೆಯ ಎರೆಯೆಂದು ಎಣಿಸಿದ್ದರೆ ಆಶ್ಚರ್ಯವೇನು? ಮೂರು ಹೆಜ್ಜೆಯ ಹತ್ತಿರ ಬಂದುದಕ್ಕೆ ನಾನು ಹೆಮ್ಮೆಪಟ್ಟೆ; ಅದು ಹದಿನೈದು ಹೆಜ್ಜೆಯಲ್ಲಿಯೇ ಇದ್ದಿದ್ದರೆ ಅದರ ಬೆರಳು ಉಳಿಯುತ್ತಿತ್ತು. ಹೆಂಡತಿಗೆ ಇದನ್ನು ಹೇಳಿದೆ. ‘ಅದಕ್ಕೆ ಮೀನು ಬೇಕಿತ್ತು, ಸರಿ. ನಿಮಗೆ ಏನು ಬೇಕಿತ್ತು?’ ಎಂದಳು. ಉತ್ತರ ಹೇಳಲು ನನಗೆ ಆಗಲಿಲ್ಲ. ತಾಯಿ ಅಲ್ಲಿಯೇ ಕುಳಿತು ಸೊಪ್ಪು ಬಿಡಿಸುತ್ತಿದ್ದರು, ತಲೆಯೆತ್ತಲಿಲ್ಲ.

2021ರ ಅಕ್ಟೋಬರ್ ತಿಂಗಳ ಒಂದು ಸಂಜೆ, ಬಹಳ ದಿನಗಳ ಮೇಲೆ ಗಳುವನ್ನು ಹಿಡಿದು ಕಲ್ಲಿನ ಮೇಲೆ ಕುಳಿತಿದ್ದೆ. ನಾಲೆಯ ನೀರು ಬಂದು ಕೆರೆ ತುಂಬಿತ್ತು. ಮಗಳು ಏರಿಯ ಮೇಲೆ ಕುಳಿತು ಕಾಪಿ ಬರೆಯುತ್ತಿದ್ದಳು. ಕಲ್ಲಿನಿಂದ ಸುಮಾರು ಹನ್ನೆರಡು ಹೆಜ್ಜೆ ದೂರದಲ್ಲಿ, ಕೆಸರಿನ ಹೆಂಟೆಯೊಂದು ಅಲುಗಿತು. ನಾನು ನೋಡಿಯೂ ನೋಡದಂತಿದ್ದೆ. ಅದು ನಾಲ್ಕು ಹೆಜ್ಜೆ ಮುಂದೆ ಬಂದಿತು. ಕೆಸರಿನಲ್ಲಿ ಅದರ ಹೆಜ್ಜೆಗಳು ಒಂದರ ಹಿಂದೊಂದು ಬಿದ್ದಿದ್ದವು: ಬಲಗಾಲಿನದು ಪೂರ್ಣ, ಎಡಗಾಲಿನದರಲ್ಲಿ ಹೊರಗಿನ ಗೆರೆ ಅರ್ಧಕ್ಕೇ ನಿಂತಿತ್ತು.

‘ಅಪ್ಪ!’ ಎಂದಳು ಮಗಳು, ಪಿಸುಮಾತಿನಲ್ಲಿ. ‘ಸುಮ್ಮನಿರು’ ಎಂದೆ.

ತೇಲುಬೆಂಡು ಮುಳುಗಿತು. ಬೆರಳುದ್ದದ ಜಿಲೇಬಿ. ಕೊಕ್ಕೆ ಬಿಡಿಸುವಾಗ ಎರಡು ಹಳದಿ ಕಣ್ಣುಗಳು ನನ್ನ ಕೈಯನ್ನು ನೋಡುತ್ತಿರುವುದು ನನಗೆ ಗೊತ್ತಿತ್ತು. ಮಗಳೂ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಬಗ್ಗಿ ಮೀನನ್ನು ನೀರಿಗೆ ಬಿಟ್ಟೆ. ಮಗಳ ಮುಖ ಸಪ್ಪಗಾಯಿತು. ಹಕ್ಕಿ ಸ್ವಲ್ಪ ಹೊತ್ತು ಕಾದಿತು. ಕತ್ತನ್ನು ಓರೆ ಮಾಡಿತು. ಮೇಲ್ವಿಚಾರಕನ ಅದೇ ನೋಟ. ಆಮೇಲೆ ಬೆನ್ನು ತಿರುಗಿಸಿ ತೂಬಿನ ಕಡೆಗೆ ನಾಲ್ಕು ಹೆಜ್ಜೆ ನಡೆದು, ಜೊಂಡಿನ ಅಂಚಿನಲ್ಲಿ ನಿಂತು, ಕತ್ತನ್ನು ಹೆಗಲೊಳಗೆ ಇಳಿಸಿ ಹೆಂಟೆಯಾಯಿತು. ನಾನು ತಂದೆಯವರ ಡಬ್ಬಿಯಿಂದ ಒಂದು ಖಾಲಿ ಬೆಂಕಿಪೊಟ್ಟಣವನ್ನು ತೆಗೆದು, ತೊಡಕುಬಿದ್ದಿದ್ದ ಎಳೆಯನ್ನು ಸುತ್ತತೊಡಗಿದೆ. ಸುತ್ತಿ ಮುಗಿಯುವಷ್ಟರಲ್ಲಿ ಅದು ಎರಡು ಮೀನು ಹಿಡಿದಿತ್ತು. ನನ್ನ ಗಾಳಕ್ಕೆ ಆ ಸಂಜೆ ಮತ್ತೇನೂ ಬೀಳಲಿಲ್ಲ.